ಯಮನೂರ ಹಿಂದಿನಿಂದ ಹಿಡಿದ ಲೆಕ್ಕ

ಪೆದ್ದರಿಲ್ಲದ ಊರೊಂದಿದ್ದರೆ ತೋರಿಸಿರಿ, ಈ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ. ಇಲ್ಲ ತಾನೆ? ಹಾಗಾದರೆ ಕೇಳಿರಿ.

ಸಂತೆಪೇಟೆಯ ಮೂಲೆಯಲ್ಲಿ ಮಿರ್ಚಿ ಕರಿಯುವ ಫಕೀರವ್ವ. ಅವಳಿಗೊಬ್ಬನೇ ಮಗ ಯಮನೂರ. ಅವನ ಮೈಯಲ್ಲಿ ಕಸುವಿತ್ತು, ಮನಸ್ಸಿನಲ್ಲಿ ಕಪಟವಿರಲಿಲ್ಲ, ತಲೆಯಲ್ಲಿ ಏನೂ ಇರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದೇ ಅವನ ರೋಗ. ಫಕೀರವ್ವನಿಗೋ ಸಿಟ್ಟು ಮೂಗಿನ ತುದಿಯಲ್ಲಿ. ಆ ಸಿಟ್ಟಿನ ಬುಡದಲ್ಲಿ ಒಂದೇ ಅಂಜಿಕೆ: ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ರೊಟ್ಟಿ ಹಾಕುವವರು ಯಾರು?

ಅಂಥ ಮನೆಗೂ ಒಂದು ಸಂಬಂಧ ಬಂತು. ಪಕ್ಕದೂರಿನ ಗಾಣದ ಗುಳಪ್ಪನ ಮಗಳು ಕಸ್ತೂರಿ. ಹುಡುಗಿ ಜಾಣೆ, ಗಟ್ಟಿಗಿತ್ತಿ. ಆದರೆ ಗುಳಪ್ಪ ಬಂದ ವರಗಳಿಗೆಲ್ಲ ಒಂದೇ ಲೆಕ್ಕ ಕೇಳಿ, ಮೂವರನ್ನು ಆಗಲೇ ವಾಪಸ್ ಕಳಿಸಿದ್ದ. ಸೋಮವಾರ ಅವನು ಮನೆ ನೋಡಲು ಬರುವವನಿದ್ದ. ಫಕೀರವ್ವ ಅವರಿವರನ್ನು ಕೇಳಿ ಲೆಕ್ಕವನ್ನು ಮೊದಲೇ ಪತ್ತೆ ಹಚ್ಚಿದಳು. ಒಬ್ಬ ಸಂತೆಗೆ ಹೋದ. ಇದ್ದುದರಲ್ಲಿ ಅರ್ಧ ಕೊಟ್ಟು ಬೇಳೆ ಕೊಂಡ. ಹತ್ತು ರೂಪಾಯಿ ಕೊಟ್ಟು ಉಪ್ಪು ಕೊಂಡ. ಉಳಿದುದರಲ್ಲಿ ಅರ್ಧ ಕೊಟ್ಟು ಬೆಲ್ಲ ಕೊಂಡ. ಕಡೆಗೆ ಇಪ್ಪತ್ತು ಉಳಿಯಿತು. ಮೊದಲು ಎಷ್ಟಿತ್ತು?

ಶುಕ್ರವಾರದ ಸಂತೆ. ಫಕೀರವ್ವ ನೂರು ರೂಪಾಯಿ ಕೊಟ್ಟು, "ಲೆಕ್ಕದಾಗ ಇದ್ದಂಗ ಮಾಡಿ ಬಾ" ಎಂದು ಕಳಿಸಿದಳು. ಯಮನೂರ ಬೇಳೆ, ಉಪ್ಪು, ಬೆಲ್ಲ ಹೊತ್ತು, ಇಪ್ಪತ್ತು ರೂಪಾಯಿ ಹಿಡಿದು ಬಂದ.

"ಮೊದಲ ಎಷ್ಟಿತ್ತೋ?"

"ಮರತೆ ಅವ್ವಾ!"

"ಖೋಡಿ! ಹಿಂದಿನಿಂದ ಹಿಡಿಯೋ! ಕಡೀಕ ಉಳಿದದ್ದರಿಂದ ಶುರು ಮಾಡಿ ಹಿಂದಹಿಂದಕ ಹೋಗು! ಕೊಟ್ಟದ್ದನ್ನ ವಾಪಸ್ ಕೂಡಿಸ್ಕೋತ ಹೋಗು!"

ಹೋದ. ಹೇಗೆ ಹೋದ? ಬೆನ್ನು ಮುಂದೆ ಮಾಡಿ, ಹಿಂದಹಿಂದಕ್ಕೇ ಹೋದ. ಟೊಮೇಟೊ ಬುಟ್ಟಿಯಲ್ಲಿ ಕೂತ, ಎದ್ದ, ಮತ್ತೆ ಹೋದ. ಬೆಲ್ಲ ಕೊಟ್ಟು ರೊಕ್ಕ ವಾಪಸ್, ಉಪ್ಪು ಕೊಟ್ಟು ರೊಕ್ಕ ವಾಪಸ್, ಬೇಳೆ ಕೊಟ್ಟು ರೊಕ್ಕ ವಾಪಸ್.

"ಅವ್ವಾ, ಲೆಕ್ಕ ಸಿಕ್ತು! ನೂರು!"

ಲೆಕ್ಕ ಸರಿ, ಡಬ್ಬಿ ಖಾಲಿ. ಫಕೀರವ್ವ ಹಣೆ ಹಣೆ ಬಡಿದುಕೊಂಡಳು. "ಸಾಮಾನು ಯಾಕ ಕೊಟ್ಟ್ಯೋ ಮೂಳಾ? ಲೆಕ್ಕ ಮಾಡೂದು ಕೈಯಾಗಲ್ಲ, ಮನಸಿನ್ಯಾಗ! ಇನ್ನ ಮುಂದ ರೊಕ್ಕದ ಮಾತು ಬಂದ್ರ ಎಲ್ಲಾ ಮನಸಿನ್ಯಾಗ ಮಾಡು!"

"ಹೂಂ ಅವ್ವಾ!"

ಶನಿವಾರ ಫಕೀರವ್ವ ಕಡಲೆ ಹಿಟ್ಟು ಬೀಸಿಸಲು ಗಿರಣಿಗೆ ಹೋದಳು. ಬಾಣಲೆಯ ಮುಂದೆ ಯಮನೂರ ಕೂತ. ಜನ ಬಂದರು, ತಿಂದರು, ರೊಕ್ಕ ಚಾಚಿದರು. "ಬ್ಯಾಡ್ರಿ! ನಾ ಮನಸಿನ್ಯಾಗ ತಗೊಂಡೀನಿ!" ಎಂದ. ಸುದ್ದಿಗೆ ಕಾಲು ಬಂದವು. ಬಸ್ ನಿಲ್ದಾಣದವರೂ ಬಂದು ತಿಂದರು.

"ಎಷ್ಟ ವ್ಯಾಪಾರ ಆತೋ?"

"ಮುನ್ನೂರು, ಅವ್ವಾ! ಎಲ್ಲಾ ಮನಸಿನ್ಯಾಗ ಐತಿ!"

ಆ ಮುನ್ನೂರರಲ್ಲೇ ಸೋಮವಾರದ ಬೀಗರಿಗೆ ಎಣ್ಣೆ, ಸಕ್ಕರೆ ಬರಬೇಕಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಿರ್ಚಿ ಎತ್ತುವ ತೂತಿನ ಸೌಟು ತಗೊಂಡು ಓಣಿಯ ತುದಿಯವರೆಗೂ ಅಟ್ಟಿಸಿಕೊಂಡು ಹೋದಳು. "ನಿನ್ನ ಹಡೆದ ಹೊಟ್ಟಿಗೆ ಬೆಂಕಿ ಬೀಳ್ಲಿ! ಗುಳಪ್ಪನ ಲೆಕ್ಕಕ್ಕ ಬಾಯಿಪಾಠ ಮಾಡೋ, ಇಷ್ಟ ಸಾಕು: ಅರ್ಧ ಅಂದ್ರ ದುಪ್ಪಟ್ಟು ಮಾಡು! ಅರ್ಧ ಅಂತ ಕಿವಿಗೆ ಬಿತ್ತೋ, ದುಪ್ಪಟ್ಟು ಮಾಡು!"

"ಹೂಂ ಅವ್ವಾ!"

ಭಾನುವಾರ ಕ್ಷೌರಕ್ಕೆ ಕಳಿಸಿದಳು. ಕ್ಷೌರದ ಬಾಳಪ್ಪ ನಾಲ್ಕು ಸಲ ಕತ್ತರಿ ಆಡಿಸಿ, "ಕೂದಲ ಅರ್ಧ ತಗದೀನಿ, ಸಾಕಲ್ಲ ತಮ್ಮಾ?" ಎಂದ.

"ಅರ್ಧಾನ? ಹಂಗಾರ ದುಪ್ಪಟ್ಟು ಮಾಡು!"

ಅರ್ಧದ ದುಪ್ಪಟ್ಟು ಎಷ್ಟು? ಪೂರ್ತಿ! ಯಮನೂರ ನುಣ್ಣನೆಯ ಬೋಳು ತಲೆ ಹೊತ್ತು ಮನೆಗೆ ಬಂದ.

"ಅಯ್ಯೋ ಖೋಡೀ! ಹೆತ್ತವರು ಸತ್ತಾಗ ಬೋಳಿಸ್ಕೊಳ್ಳೂ ತಲಿ ಅದು! ನಾ ಇನ್ನೂ ಬದುಕೀನಲ್ಲೋ!" ಸಿಟ್ಟಿಗೆ ಅವಳ ದನಿಯೇ ಒಡೆಯಿತು. "ನಾಳೆ ಕೇಳಿದ್ರ ದೇವರಿಗೆ ಮುಡಿ ಕೊಟ್ಟೆ ಅನ್ನು. ಲೆಕ್ಕಕ್ಕ ನೂರು ಅನ್ನು. ಹೆಂಗ ಮಾಡಿದಿ ಅಂದ್ರ ಹಿಂದಿನಿಂದ ಹಿಡದು ತೋರ್ಸು. ನಡುವ ಬಿಡಬ್ಯಾಡ! ಶುರುವಿನತನಕ ಹೋಗಿ ಮುಟ್ಟದ ಲೆಕ್ಕ ಲೆಕ್ಕ ಅಲ್ಲ!"

"ಹೂಂ ಅವ್ವಾ!"

ಸೋಮವಾರ ಗುಳಪ್ಪ ಇಬ್ಬರು ಹಿರಿಯರೊಂದಿಗೆ ಬಂದ. ಜಮಖಾನದ ಮೇಲೆ ಕೂತರು, ಸುಸಲ ತಿಂದರು, ಚಹಾ ಕುಡಿದರು. ತಲೆಯ ಬಗ್ಗೆ ಕೇಳಿದರು. "ದೇವರಿಗೆ ಮುಡಿ ಕೊಟ್ಟೆ" ಎಂದ. ಭಕ್ತಿವಂತ ಹುಡುಗ ಅಂದುಕೊಂಡರು. ಗುಳಪ್ಪ ಮೀಸೆ ತಿರುವಿ ಲೆಕ್ಕ ಕೇಳಿದ.

"ನೂರು!"

ಗುಳಪ್ಪ ತೊಡೆ ತಟ್ಟಿದ. "ಭಲೆ! ನನ್ನ ಮಗಳು ನಿನಗ. ಇದು ನನ್ನ ಮಾತು!" ಯಮನೂರನ ಕೈಯಲ್ಲಿ ತೆಂಗಿನಕಾಯಿ ಇಟ್ಟ. ಕಾಯಿ ಕೈಗೆ ಬಂದರೆ ಸಂಬಂಧ ಗಟ್ಟಿ. ಕದದ ಹಿಂದೆ ನಿಂತ ಫಕೀರವ್ವನ ಕಣ್ಣಲ್ಲಿ ನೀರು ಬಂತು. ನಾಲ್ಕು ದಿನದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಇರಲಿಲ್ಲ.

ಗುಳಪ್ಪ ಸುಮ್ಮನೆ ಎದ್ದು ಹೋಗಬಾರದೆ? "ಹೆಂಗ ಮಾಡಿದ್ಯೋ ಅಳಿಯಾ, ತುಸು ತೋರ್ಸು" ಎಂದ.

"ಹಿಂದಿನಿಂದ ಹಿಡೀಬೇಕ್ರಿ" ಎಂದು ಯಮನೂರ ಎದ್ದು ನಿಂತ. "ಕಡೀಕ ಕೊಟ್ಟದ್ದು ಕಾಯಿ. ತಗೊಳ್ರಿ ವಾಪಸ್!" ಕಾಯಿಯನ್ನು ಗುಳಪ್ಪನ ಉಡಿಗೆ ಹಾಕಿದ.

"ಏ ಬ್ಯಾಡೋ!" ಫಕೀರವ್ವ ಕದದ ಹಿಂದಿನಿಂದ ಚೀರಿದಳು.

"ನಡುವ ಬಿಡಬಾರದಲ್ಲ ಅವ್ವಾ! ಅದಕ್ಕಿಂತ ಮೊದಲ ಕೊಟ್ಟದ್ದು ಮಾತು. ತಗೊಳ್ರಿ ನಿಮ್ಮ ಮಾತು! ಅದಕ್ಕಿಂತ ಮೊದಲ ನೀವು ತಗೊಂಡದ್ದು ಚಾ, ಸುಸಲ. ಕೊಡ್ರಿ ವಾಪಸ್! ಇಲ್ಲಾ? ಇರ್ಲಿ, ಅದನ್ನ ಆಮ್ಯಾಲ ನೋಡೂಣು. ಅದಕ್ಕಿಂತ ಮೊದಲ ನೀವು ಒಳಗ ಬಂದ್ರಿ!"

ಮೂವರ ಎದೆಗೂ ಕೈ ಹಚ್ಚಿ ಹಿಂದಹಿಂದಕ್ಕೆ ದಬ್ಬಿದ. ಹೊಸ್ತಿಲು ದಾಟಿಸಿದ. ಕದ ಹಾಕಿದ. ಹೊರಗೆ ಗುಳಪ್ಪನ ಬೈಗಳು, ಅದರ ಹಿಂದೆ ಅವನ ಗಾಡಿ ಹೊರಟ ಸದ್ದು.

"ಅವ್ವಾ, ಲೆಕ್ಕ ಬರೋಬ್ಬರಿ ಆತು! ಮುಂಜಾನೆ ಮನ್ಯಾಗ ಎಷ್ಟ ಮಂದಿ ಇದ್ವಿ? ಇಬ್ಬರು. ಈಗ? ಇಬ್ಬರು!"

"ಮೂರು ಮಂದಿ ಆಗ್ತಿದ್ವಲ್ಲೋ ಪಾಪೀ! ಮೂರು ಮಂದಿ ಆಗ್ತಿದ್ವಿ!" ಫಕೀರವ್ವ ಕೈಗೆ ಸಿಕ್ಕ ಚಹಾದ ಬಸಿಯನ್ನು ಗೋಡೆಗೆ ಒಗೆದಳು. "ಇಲ್ಲಿಗ್ಯಾಕ ನಿಲ್ಲಿಸಿದಿ? ಇನ್ನೂ ಹಿಂದಕ ಹೋಗು! ನೀ ಹುಟ್ಟೂಕಿಂತ ಮೊದಲ ನಾ ಆರಾಮ ಇದ್ದೆ!"

ಯಮನೂರ ತಲೆ ಕೆರೆದುಕೊಂಡ. "ಹೌದಲ್ಲ! ಲೆಕ್ಕ ನಡುವನ ಬಿಟ್ಟೀನಿ" ಎಂದವನೇ ಕದ ತೆಗೆದು, ಬೆನ್ನು ಮುಂದೆ ಮಾಡಿ ಮನೆ ಬಿಟ್ಟು ಹೊರಟ. ಹೊಸ್ತಿಲು ದಾಟಿದ, ಕಟ್ಟೆ ಇಳಿದ, ಓಣಿಗೆ ಬಿದ್ದ.

ಫಕೀರವ್ವ ಸೆರಗು ಜಾರಿದ್ದೂ ತಿಳಿಯದೆ ಓಡಿದಳು. ತಿರುವಿನಲ್ಲಿ ಅವನ ಅಂಗಿಯ ಕೊರಳಪಟ್ಟಿ ಹಿಡಿದು, ಬೈಯುತ್ತ, ಅಳುತ್ತ, ಬೋಳು ತಲೆಗೆ ಒಂದು ಬಾರಿಸುತ್ತ ಎಳೆದು ತಂದಳು. ತಂದು ಗಂಗಾಳದ ಮುಂದೆ ಕೂರಿಸಿದಳು.

"ಒಂದು ರೊಟ್ಟಿ ತಿನ್ನು, ಖೋಡಿ."

"ಅರ್ಧ ಸಾಕವ್ವಾ" ಎಂದ ಯಮನೂರ. ಆಮೇಲೆ ಅರ್ಧ ಅಂತ ಕಿವಿಗೆ ಬಿದ್ದದ್ದು ನೆನಪಾಗಿ, ಗಂಗಾಳದಲ್ಲಿದ್ದ ಒಂದನ್ನು ದುಪ್ಪಟ್ಟು ಮಾಡಲು ಅವಳ ಪಾಲಿನ ರೊಟ್ಟಿಗೂ ಕೈ ಹಾಕಿದ.