ಹೆಸರಿಲ್ಲದ ಕೂಸು, ಎಡವಿದ ಡಿಬಗ್ಗರ್

"ಕೇಳ್ರಪ್ಪೋ ಕೇಳಿ! ಅರಮನೆಯ ಡಿಬಗ್ಗರ್ ಮೂರು ಒಗಟು ಹಾಕುತ್ತದೆ. ಮೂರನ್ನೂ ಬಿಡಿಸಿದರೆ ನಿಂತವರಿಗೆಲ್ಲ ಬಿಡುಗಡೆ, ಬಿಡಿಸಿದವನಿಗೆ ಬಹುಮಾನ. ಒಂದು ತಪ್ಪಿದರೂ ಅವನು ಇದ್ದ ಭಂಗಿಯಲ್ಲೇ ಕೊನೇತನಕ ನಿಲ್ಲತಕ್ಕದ್ದು!"

ನಿಡುಗಟ್ಟದ ಬೀದಿಯಲ್ಲಿ ಡಂಗುರ ಸಾರಿದಾಗ ಸಣ್ಣೀರ ಹೆಬ್ಬಾಗಿಲ ಬಳಿ ಅಕ್ಕ ದ್ಯಾವಮ್ಮನ ಮುಖದ ಮೇಲಿನ ನೊಣ ಓಡಿಸುತ್ತಿದ್ದ. ಅರ್ಧ ಕಟ್ಟಿದ ಹೂವಿನ ದಂಡೆ ಹಿಡಿದು ಅವಳು ಕಲ್ಲಿನಂತೆ ನಿಂತಿದ್ದಳು. ಮೈ ಬೆಚ್ಚಗಿತ್ತು. ಕಣ್ಣು ಒದ್ದೆಯಾಗಿತ್ತು, ಮಿಟುಕುತ್ತಿರಲಿಲ್ಲ. ಸಣ್ಣೀರನ ಹೆಗಲ ಮೇಲಿದ್ದ ಅವಳ ಕೂಸು ಆಡಿನ ಹಾಲನ್ನು ಉಗುಳಿ ಅತ್ತು ಅತ್ತು, ಈಗ ಅಳುವುದಕ್ಕೂ ಶಕ್ತಿಯಿಲ್ಲದೆ ಸುಮ್ಮನಾಗಿತ್ತು.

ಡಿಬಗ್ಗರ್ ಅರಸರ ತಾತನ ಕಾಲದಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆಸಿದ್ದು. ನಡೆಯುತ್ತಿರುವುದನ್ನು ನಡುವೆಯೇ ನಿಲ್ಲಿಸಿ, ಒಳಗೆ ಇಣುಕಿ, ದೋಷ ಹುಡುಕಿ, ಮತ್ತೆ ನಡೆಯಲು ಬಿಡುವುದು ಅದರ ಕಸುಬು. ಬೇರೆ ರಾಜ್ಯಗಳಲ್ಲಿ ಅದನ್ನು ಪ್ರೋಗ್ರಾಮುಗಳ ಮೇಲೆ ಬಿಡುತ್ತಾರೆ. ನಿಡುಗಟ್ಟದಲ್ಲಿ ಪ್ರಜೆಗಳ ಮೇಲೂ ಬಿಡುತ್ತಿದ್ದರು. ದ್ಯಾವಮ್ಮ ಹೀಗಾದ ದಿನ ಅದು ಸಿಂಹಾಸನದಿಂದ ಶುರುಮಾಡಿ ಎಲ್ಲರನ್ನೂ ನಿಲ್ಲಿಸುತ್ತ ಹೆಬ್ಬಾಗಿಲಿಗೆ ಬಂದು, ದ್ಯಾವಮ್ಮನನ್ನು ನಿಲ್ಲಿಸಿ, ಅವಳ ಕಂಕುಳಲ್ಲಿದ್ದ ಕೂಸಿನ ಹೆಸರು ಕೇಳಿತು. ಕೂಸಿಗೆ ಇನ್ನೂ ನಾಮಕರಣ ಆಗಿರಲಿಲ್ಲ. ಹೆಸರಿರಬೇಕಾದ ಜಾಗದಲ್ಲಿ ಏನೂ ಸಿಗದೆ ಡಿಬಗ್ಗರ್ ಎಡವಿತು. ನಿಲ್ಲಿಸಿದವರನ್ನು ಬಿಡಿಸುತ್ತ ಹಿಂತಿರುಗದೆ, ಮರುಕ್ಷಣ ಅದು ಸಿಂಹಾಸನದ ಹಿಂದೆ ಬಿದ್ದಿತ್ತು. ನಿಂತವರು ನಿಂತೇ ಇದ್ದರು. ಅರಸರೂ ಬಾಯಿ ತೆರೆದು ನಿಂತಿದ್ದರು. ಪರವೂರಿನ ಊಟಕ್ಕೆ ಹೋಗಿದ್ದ ಮಂತ್ರಿಗಳು ಹಿಂತಿರುಗಿ ರಾಜ್ಯಭಾರ ಮುಂದುವರಿಸಿದರು. ಯಾರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಸಣ್ಣೀರ ಊರಿನ ಸಮಾರಂಭ ಮುಗಿದ ಮೇಲೆ ಚಪ್ಪರ ಬಿಚ್ಚುವವನು; ಅರಮನೆಯಲ್ಲಿ ಬಿಚ್ಚುವಾಗ ಡಿಬಗ್ಗರಿನ ಮಾತುಗಳೂ ಅವನ ಕಿವಿಗೆ ಬಿದ್ದಿದ್ದವು. ಅವನು ಕೂಸಿನೊಂದಿಗೆ ಸಭೆಗೆ ಬಂದಾಗ ಪಾಳೆಯಗಾರ ಚಿಕ್ಕರಂಗ ನಾಯಕ ಮೀಸೆ ತಿರುವುತ್ತ ನಕ್ಕ. "ಏನೋ, ಬಾಣಂತನಕ್ಕೆ ಬಂದೆಯಾ?"

"ಇಲ್ಲ ದೊರೆ. ತಮ್ಮ ಸರದಿ ಮುಗೀಲಿ ಅಂತ ಕಾಯ್ತಾ ಇದೀನಿ."

ಸಿಂಹಾಸನದ ಹಿಂದಿನಿಂದ ಧ್ವನಿ ಬಂತು. ಅದರಲ್ಲಿ ಉಸಿರಿರಲಿಲ್ಲ.

"ನನ್ನ ಮನೆಯಲ್ಲಿ ಕೋಣೆಯೊಳಗೆ ಕೋಣೆ. ಒಳಗೆ ಹೋಗುವವರೆಲ್ಲ ಬಾಗಿಲಲ್ಲಿ ಒಂದು ಮಾತು ಹೇಳಿ ಹೋಗುತ್ತಾರೆ. ಒಬ್ಬ ಮಾತ್ರ ಅದರಲ್ಲಿ ಅರ್ಧ ನುಂಗುತ್ತಾನೆ. ಅವನು ಯಾವ ಬಾಗಿಲನ್ನೂ ದಾಟದೆ ನೇರ ಹಜಾರಕ್ಕೆ ಬಂದು ಬೀಳುತ್ತಾನೆ. ಯಾರವನು?"

"ಕಳ್ಳ," ಎಂದ ನಾಯಕ. ಅವನ ಕೈ ಮೀಸೆಯ ಮೇಲೇ ನಿಂತಿತು.

ಎರಡನೆಯವರು ನಂಜುಂಡ ಜೋಯಿಸರು. ಬೆರಳೆಣಿಸಿ, "ಸಾವು," ಎಂದರು. ಉತ್ತರ ಗಂಭೀರವಾಗಿತ್ತು. ಹೆಬ್ಬೆರಳು ಉಂಗುರಬೆರಳಿನ ಗೆಣ್ಣಿನ ಮೇಲೆ ನಿಂತುಬಿಟ್ಟಿತು.

ಸಣ್ಣೀರ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಮನೆಯಿಂದ ಹೊರಡೋರು 'ಹೋಗಿ ಬರ್ತೀನಿ' ಅಂತಾರೆ, ಸ್ವಾಮಿ. ಬರೀ 'ಹೋಗ್ತೀನಿ' ಅಂದ್ರೆ ನಮ್ಮವ್ವ ನಮ್ಮ ಬಾಯಿ ಮುಚ್ಚಿಸೋಳು. ನಿಮ್ಮ ಸಿ ಭಾಷೇಲೂ ಕರೆದ ಕೆಲಸ ಮುಗಿಸಿ ಎಲ್ಲರೂ ಕರೆದಲ್ಲಿಗೆ ವಾಪಸ್ ಬರ್ತಾರೆ. ಹಾಗೆ ಬರದೇ ನೇರ ಹಜಾರಕ್ಕೆ ಬೀಳೋನು ಎರರ್."

"ಹೌದು. ಎರಡನೆಯದು. ಕಟ್ಟುವಾಗಲೇ ಬಿಚ್ಚುವ ಮಾತು ಕೊಡಬೇಕು. ಮೊದಲು ಕೊಟ್ಟ ಮಾತಿನ ಸರದಿ ಕೊನೆಗೆ, ಕೊನೆಯದರ ಸರದಿ ಮೊದಲಿಗೆ. ಕಟ್ಟಿದವನು ಓಡಿಹೋದರೂ ಮಾತು ನಡೆಯಬೇಕು. ಏನದು?"

"ಅದು ನನ್ನ ಹೊಟ್ಟೆಪಾಡು. ಕೊನೆಗೆ ಕಟ್ಟಿದ ಮಾವಿನ ಸೊಪ್ಪು ಮೊದಲು ಬಿಚ್ತೀವಿ, ಮೊದಲು ನೆಟ್ಟ ಕಂಬ ಕೊನೆಗೆ ಕೀಳ್ತೀವಿ. ಕಂಬಕ್ಕೇ ಮೊದಲು ಕೈ ಹಾಕಿದ್ರೆ ಚಪ್ಪರ ತಲೆ ಮೇಲೆ. ಮದುವೆ ಮುರಿದು ಬೀಗರು ಓಡಿದ್ರೂ ಬಿಚ್ಚಲೇಬೇಕು. ನಿಮ್ಮ ಕಡೆ ಕ್ಲೀನಪ್ ಅಂತಾರೆ."

"ಮೂರನೆಯದು. ಕೆಲಸ ಕೆಟ್ಟರೆ ಕೊಟ್ಟ ಒಂದು ಮಾತು ನಡೆಸದಿರುವುದು ಪಾಪ. ಕೆಲಸ ಕೂಡಿಬಂದರೆ ಅದೇ ಮಾತು ನಡೆಸುವುದು ಪಾಪ. ಯಾವ ಮಾತು?"

ಸಣ್ಣೀರನಿಗೆ ತಿಳಿಯಲಿಲ್ಲ. ಪಾದ ತಣ್ಣಗಾಯಿತು. ಬೆರಳು ಆಡಿಸಲು ನೋಡಿದ, ಆಡಲಿಲ್ಲ. ತಣ್ಣಗಿದ್ದದ್ದು ಮೊಣಕಾಲಿಗೆ ಏರಿತು, ಸೊಂಟಕ್ಕೆ ಏರಿತು. ತಾನೂ ನಿಂತರೆ ಕೂಸನ್ನು ಇಳಿಸಿಕೊಳ್ಳುವವರು ಯಾರು ಎಂದುಕೊಂಡ. ಅಕ್ಕ, ಭಾವ ಇಬ್ಬರೂ ನಿಂತಿದ್ದರು, ಅವರನ್ನು ಬಿಟ್ಟರೆ ಅದಕ್ಕೆ ಯಾರೂ ಇರಲಿಲ್ಲ. ಅಕ್ಕನ ಮದುವೆಯ ದಿನ ಅಪ್ಪ ಕಿವಿಯಲ್ಲಿ ಹೇಳಿದ್ದು ಆಗ ನೆನಪಾಯಿತು.

"ಕೊರಳಿಗೆ ತಾಳಿ ಬೀಳದಿದ್ರೆ ಅಕ್ಕನ್ನ ಮನೆಗೆ ಕರ್ಕೊಂಡು ಬಾ ಅಂದಿದ್ದ ನಮ್ಮಪ್ಪ," ಎಂದ, ಉಸಿರು ಸಾಲದೆ. "ತಾಳಿ ಬಿತ್ತು. ಆ ಮಾತು ಅಲ್ಲೇ ಬಿಟ್ಟು ಬಂದೆ. ಬಿಡದೇ ಕರ್ಕೊಂಡು ಬಂದಿದ್ರೆ ಕಟ್ಟಿದ ಸಂಸಾರ ನಾನೇ ಬಿಚ್ಚಿದ ಹಾಗೆ. ಕೆಟ್ಟರೆ ಇರ್ಲಿ ಅಂತ ಇಟ್ಟ ಕ್ಲೀನಪ್ಪು, ಸ್ವಾಮಿ. ಕೆಲಸ ಆದ್ಮೇಲೆ ಕೈಬಿಡಬೇಕು."

ಸಿಂಹಾಸನದ ಹಿಂದಿನ ಧ್ವನಿ ಮತ್ತೆ ಬಂತು. "ನನ್ನನ್ನು ಬರೆದವನು ಇದನ್ನೆಲ್ಲ ಕಲಿಸಿದ, ಆದರೆ ಬರೆಯುವುದನ್ನು ಮುಗಿಸದೆ ಸತ್ತ. ಸಿ ಭಾಷೆಯಲ್ಲಿ ಎಡವಿದವನನ್ನು ಹಿಡಿಯುವವರಿಲ್ಲ, ಬರೆದವನೇ ಆ ಏರ್ಪಾಡು ಕಟ್ಟಿಕೊಳ್ಳಬೇಕು. ನನ್ನ ದೋಷ ನಾನೇ ನೋಡಲಾರೆ. ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ನನ್ನ ಕೆಲಸ ಕೆಟ್ಟಿದೆ. ಹಾಗಾದರೆ ಬಿಚ್ಚುವ ಮಾತು ನಡೆಸುತ್ತೇನೆ."

ಸಣ್ಣೀರನ ಕಾಲಿಗೆ ಬಿಸಿ ಬಂತು. ಕೊನೆಗೆ ನಿಂತವರಿಂದ ಬಿಡುಗಡೆ ಶುರುವಾಯಿತು. ಜೋಯಿಸರ ಹೆಬ್ಬೆರಳು ಮುಂದಿನ ಗೆಣ್ಣಿಗೆ ಸರಿಯಿತು. ನಾಯಕ ಮೀಸೆಯ ತಿರುವು ಮುಗಿಸಿದ. ಹೆಬ್ಬಾಗಿಲಲ್ಲಿ ದ್ಯಾವಮ್ಮ ದಂಡೆಯ ಗಂಟು ಬಿಗಿದು, ಬರಿದಾದ ಕಂಕುಳು ನೋಡಿ, "ಕೂಸೆಲ್ಲೋ?" ಎಂದು ಕೂಗಿದಳು. ಸಣ್ಣೀರ ಓಡಿಹೋಗಿ ಕೊಟ್ಟ. ಅವಳು ಅಲ್ಲೇ ಕುಳಿತು ಸೆರಗು ಹೊದಿಸಿದಳು. ಕೂಸು ಕುಡಿಯಿತು.

ಆಮೇಲೆ ಕಾವಲುಗಾರರು, ಅಡಿಗೆಯವರು, ರಾಣಿ. ಎಲ್ಲರಿಗಿಂತ ಮೊದಲು ನಿಂತ ಅರಸರು ಎಲ್ಲರಿಗಿಂತ ಕೊನೆಗೆ ಅಲುಗಿದರು. ತೆರೆದಿದ್ದ ಬಾಯಿಂದ ಒಂದೇ ಮಾತು ಬಂತು.

"...ಬೇಡ."

"ಏನು ಬೇಡ, ಪ್ರಭು?" ಎಂದರು ಮಂತ್ರಿಗಳು.

"'ಎಲ್ಲರನ್ನೂ ನಿಲ್ಲಿಸಬೇಡ' ಅಂತ ಹೇಳುತ್ತಿದ್ದೆ."

"'ನಿಲ್ಲಿಸ' ಎಂಬಷ್ಟು ಕೇಳಿದೊಡನೆ ನಾನು ಕೆಲಸ ಹಿಡಿದೆ," ಎಂದಿತು ಡಿಬಗ್ಗರ್. ಅದರ ಭಾಷೆಯಲ್ಲಿ ಆಜ್ಞೆ ಮೊದಲು ಬರುತ್ತದೆ. ಕನ್ನಡದಲ್ಲಿ ಬೇಕೋ ಬೇಡವೋ ಎಂಬುದು ಕೊನೆಗೆ ತಿಳಿಯುತ್ತದೆ.

ಅರಸರು ಸಣ್ಣೀರನಿಗೆ ಅರ್ಧ ರಾಜ್ಯ ಕೊಡುತ್ತೇನೆಂದರು. ಅರ್ಧ ಕೆಲಸ ತನಗೆ ಆಗಿಬರುವುದಿಲ್ಲವೆಂದು ಅವನು ಕೈಮುಗಿದ. ಅವನಿಗಾಗಿ ಒಂದು ಹೊಸ ಹುದ್ದೆ ಹುಟ್ಟಿತು. ಅಂದಿನಿಂದ ಅರಸರು ಏನು ಹೇಳಿದರೂ, ಸಿಂಹಾಸನದ ಪಕ್ಕದಲ್ಲಿ ಕುಳಿತ ಸಣ್ಣೀರ "ಮಾತು ಮುಗೀತು" ಅನ್ನುವವರೆಗೆ ನಿಡುಗಟ್ಟದಲ್ಲಿ ಯಾರೂ ಕದಲುವಂತಿಲ್ಲ.