ಬಾನಿನ ಅಲೆ, ಬ್ರಹ್ಮರಾಕ್ಷಸನ ಸಂಶಯ

ಕಡಲಿಗೆ ಅಲೆಯನ್ನೂ ಉಸಿರಿಗೆ ಲಯವನ್ನೂ ಕೊಟ್ಟ ಶಿವನಿಗೆ ಶರಣೆಂದು ಕತೆಗೆ ಬರುತ್ತೇನೆ.

ಮುಗಿಲೂರಿನಲ್ಲಿ ಅರಸನ ಡಂಗುರ ಮೊಳಗಿತು: "ಕೇಳಿರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯನ್ನು ಬೆಟ್ಟದ ಬ್ರಹ್ಮರಾಕ್ಷಸ ಹೊತ್ತೊಯ್ದಿದ್ದಾನೆ. ಅವನ ಮೂರು ಒಗಟು ಬಿಡಿಸಿದವನಿಗೆ, ಅವಳು ಒಪ್ಪಿದರೆ, ಮದುವೆ. ಬಿಡಿಸದವನು ಅಲ್ಲೇ ಕಲ್ಲಾಗುತ್ತಾನೆ!"

ಮೊದಲು ಮಂತ್ರಿಯ ಮಗ ಹೋದ. ಬ್ರಹ್ಮರಾಕ್ಷಸ ಕೇಳಿದ:

"ನೀರಿಲ್ಲದ ಕಡಲಲ್ಲಿ ಅಲೆ ಏಳುತ್ತದೆ. ಯಾವ ಕಡಲು?"

"ಮರಳುಗಾಡು," ಎಂದ. ಕಲ್ಲಾದ.

ಆಮೇಲೆ ದಂಡನಾಯಕನ ಮಗ ಬಂದ. ಮೊದಲನೆಯದಕ್ಕೆ "ಆಕಾಶ" ಎಂದು ಗೆದ್ದ.

"ಏರಿದರೆ ಭಾರವಾಗಿ ಇಳಿಯುತ್ತದೆ, ಇಳಿದರೆ ಹಗುರಾಗಿ ಏರುತ್ತದೆ. ಏನದು?"

"ಉಯ್ಯಾಲೆ!"

"ತೂಗಿದರೆ ಉಯ್ಯಾಲೆಯ ಭಾರ ಬದಲಾಗುತ್ತದೇನೋ, ಮಂಕೆ?" ಅವನೂ ಕಲ್ಲಾದ.

ಕೊನೆಗೆ ಹೊರಟವನು ಗುಡಿಯಲ್ಲಿ ಧೂಪ ಹಾಕುವ ಭರಮಣ್ಣ. "ದೊಡ್ಡದೊಡ್ಡವರೇ ಕಲ್ಲಾದರಲ್ಲೋ ಮಗಾ," ಎಂದು ತಾಯಿ ಅತ್ತಳು. "ದಿನಾ ಸಂಜೆ ಧೂಪದ ಹೊತ್ತಿಗೆ ಗುಡಿಗೆ ಬರುತ್ತಿದ್ದ ಹೆಣ್ಣುಮಗಳು ಅವ್ವಾ. ಹೇಗೆ ಸುಮ್ಮನಿರಲಿ? ಶಿವನಿದ್ದಾನೆ," ಎಂದು ಕಾಲಿಗೆರಗಿ ಹೊರಟ.

ಮೊದಲ ಒಗಟಿಗೆ ಅವನೂ ಆಕಾಶವೆಂದ. "ಮೋಡಗಳು ಸಾಲುಸಾಲಾಗಿ ನಿಂತಾಗ ಕಾಣುವುದು ಅದರ ಅಲೆಯೇ."

"ಎರಡನೆಯದು?"

"ಗಾಳಿ, ಸ್ವಾಮಿ. ಬಿರುಮಳೆಯ ಮೋಡ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲೆ ತಣ್ಣಗಾಗಿ, ಸುತ್ತಲ ಗಾಳಿಗಿಂತ ಭಾರವಾಗಿ ಇಳಿಯುತ್ತದೆ. ಇಳಿಯುವ ರಭಸಕ್ಕೆ ತನ್ನ ನೆಲೆ ದಾಟಿದರೆ ಬೆಚ್ಚಗಾಗಿ, ಹಗುರಾಗಿ ಮತ್ತೆ ಏರುತ್ತದೆ. ಈ ಏರಿಳಿತದಿಂದಲೇ ಬಾನಿನ ಅಲೆ."

ಬ್ರಹ್ಮರಾಕ್ಷಸನ ದನಿ ಕುಗ್ಗಿತು. "ಮೂರನೆಯದು ಕೇಳು. ಬದುಕಿದ್ದಾಗ ನಾನು ಪಂಡಿತ. ಬಿರುಮಳೆಯ ಮೋಡದ ನೆತ್ತಿಯಿಂದ ಅಲೆಗಳು, ಕೆರೆಗೆ ಕಲ್ಲೆಸೆದಂತೆ, ದುಂಡಗೆ ಹರಡಬೇಕೆಂದು ಲೆಕ್ಕ ಕಟ್ಟಿದೆ. ಬೆಟ್ಟ ಹತ್ತಿ ನೋಡಿದರೆ ಒಂದು ಕಡೆ ಒತ್ತಾಗಿವೆ, ಇನ್ನೊಂದು ಕಡೆ ಅಗಲವಾಗಿವೆ! ಲೆಕ್ಕ ಸುಳ್ಳೋ, ಕಣ್ಣು ಸುಳ್ಳೋ? ಈ ಸಂಶಯದಲ್ಲೇ ಸತ್ತು ಹೀಗಾದೆ."

ಭರಮಣ್ಣ ಒಗಟನ್ನು ತನ್ನಲ್ಲೇ ಮತ್ತೊಮ್ಮೆ ಹೇಳಿಕೊಂಡ. ಕಾಲು ಆಗಲೇ ಕಲ್ಲಾಗುತ್ತಿತ್ತು. ಬಂಡೆಯ ಮರೆಯಿಂದ ಪದ್ಮಲೆ, "ಹೆದರಬೇಡವೋ, ಧೂಪದವನೇ!" ಎಂದಳು. ಧೂಪ ಎಂದದ್ದೇ ತಡ, ಗರ್ಭಗುಡಿ ಅವನ ಕಣ್ಣಿಗೆ ಕಟ್ಟಿತು.

"ಸ್ವಾಮಿ, ಲೆಕ್ಕ ಕಟ್ಟಿದ್ದು ದೀಪದ ಮುಂದೆ ಕೂತಲ್ಲವೇ?"

"ಹೌದು."

"ದೀಪ ಆರದಿರಲೆಂದು ಬಾಗಿಲು ಮುಚ್ಚಿದ್ದಿರಾ?"

"ಮುಚ್ಚಿದ್ದೆ..."

"ಅದೇ! ಬಾಗಿಲು ಮುಚ್ಚಿದರೆ ಧೂಪದ ಹೊಗೆ ಸೂರಿನ ಕೆಳಗೆ ದುಂಡಗೆ ಹರಡುತ್ತದೆ. ತೆರೆದರೆ ಗಾಳಿಗೆ ಎದುರಾದ ಕಡೆ ಒತ್ತಾಗುತ್ತದೆ, ಗಾಳಿ ಹೋಗುವ ಕಡೆ ಚಾಚಿಕೊಳ್ಳುತ್ತದೆ. ನಿಮ್ಮ ಲೆಕ್ಕ ಸುಳ್ಳಲ್ಲ, ಕಣ್ಣೂ ಸುಳ್ಳಲ್ಲ. ಲೆಕ್ಕದೊಳಗೆ ಬಾನಿನ ಬೀಸುಗಾಳಿಯನ್ನು ಬಿಟ್ಟುಕೊಳ್ಳಲಿಲ್ಲ, ಅಷ್ಟೇ."

ಬ್ರಹ್ಮರಾಕ್ಷಸ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಗುಣಿಸಿದ. ನಕ್ಕ. ಅತ್ತ. "ಕೂಡಿಬಂತಪ್ಪಾ, ಕೂಡಿಬಂತು!" ಎನ್ನುತ್ತ ಧೂಪದ ಎಳೆಯಂತೆ ಮೇಲೇರಿ ಶಿವನ ಪಾದ ಸೇರಿದ. ಭರಮಣ್ಣನ ಕಾಲಿಗೆ ಜೀವ ಬಂತು. ಕಲ್ಲಾಗಿದ್ದವರು ಮೈಮುರಿದು ಎದ್ದರು. "ಉಯ್ಯಾಲೆ ಅಲ್ಲವಂತೇನು?" ಎಂದು ದಂಡನಾಯಕನ ಮಗ ಇನ್ನೂ ಕೇಳುತ್ತಲೇ ಇದ್ದ.

ಎಲ್ಲರೂ ಮುಗಿಲೂರಿಗೆ ಮರಳಿದ ಮೇಲೆ ಅರಸ ಮಗಳ ಮುಖ ನೋಡಿದ. "ಹೊಗೆಗೆ ಕಣ್ಣು ಉರಿದರೂ ಸರಿ ಅಪ್ಪಾಜಿ, ಒಪ್ಪಿದೆ," ಎಂದಳು ಪದ್ಮಲೆ. ಮದುವೆಯಾಯಿತು. ಅಂದಿನಿಂದ ಆ ಊರಿನ ಪಂಡಿತರು ಲೆಕ್ಕಕ್ಕೆ ಕೂರುವ ಮುನ್ನ ಬಾಗಿಲು ತೆರೆದಿಡುತ್ತಾರೆ.

ಈ ಕತೆಗೆ ಕಿವಿಗೊಟ್ಟ ನಿಮ್ಮೆಲ್ಲರ ಸಂಶಯಗಳನ್ನೂ ಆ ಶಿವ ಹೀಗೆಯೇ ಹಗುರ ಮಾಡಲಿ. ನಿಮ್ಮ ಮನೆಗೆ ಬೀಸುವ ಗಾಳಿ ತಂಪಾಗಿರಲಿ, ದೀಪವೂ ಆರದಿರಲಿ.