ಬುಟ್ಟಿ ಹೊತ್ತು ಬಂದ ಹೊರಗಿನವನು

"ನನ್ನ ಕಾನೂನೆಂದರೆ ಕಾನೂನು. ನಮ್ಮಪ್ಪನೇ ಎದ್ದು ಬಂದರೂ ಕೋಟೆ ಬಾಗಿಲು ತೆರೆಯಕೂಡದು!" ಎಂದು ಹೊನ್ನಗವಿಯ ಅರಸ ಕೆಂಚರಸ ಮೀಸೆ ತಿರುವಿದ.

ಹೊನ್ನಗವಿಯಲ್ಲಿ ಅರಸ ಬದಲಾದಂತೆ ಬಾಗಿಲ ಕಾನೂನೂ ಬದಲಾಗುತ್ತಿತ್ತು. ಅಜ್ಜನ ಕಾಲದಲ್ಲಿ ದಿಕ್ಕೆಟ್ಟು ಬಂದವರಿಗೆ ಮೊದಲು ಅಂಬಲಿ ಕೊಟ್ಟು, ಆಮೇಲೆ ಹೆಸರು ಕೇಳುತ್ತಿದ್ದರು. ಅಪ್ಪನ ಕಾಲಕ್ಕೆ ಕೈಕಸುಬು ಬಲ್ಲವರಿಗೆ ಮಾತ್ರ ಜಾಗ. ಕೆಂಚರಸ ಇಬ್ಬರನ್ನೂ ಮೀರಿಸಿದ: ಒಂದು ಮಳೆಗಾಲ ಊರೊಳಗೆ ಬಾಳಿ ತೋರಿಸಿದವರನ್ನು ಮಾತ್ರ ಊರೊಳಗೆ ಬಿಡಬೇಕು! ಹುಚ್ಚು ಬಿಡೋ ತನಕ ಮದುವೆ ಇಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋದಿಲ್ಲ ಅಂದಹಾಗಾಯಿತು.

ಬಾಗಿಲಾಚೆ, ದಂಡು ಸುಟ್ಟ ಊರಿನಿಂದ ಓಡಿಬಂದ ಸಂಕವ್ವ ಮಕ್ಕಳೊಂದಿಗೆ ಬಿಸಿಲಲ್ಲಿ ಕೂತಿದ್ದಳು. ಕಿರಿಯ ಕೂಸಿಗೆ ಜ್ವರ. ಅದನ್ನು ನೋಡಿ ಬಂದ ಆಸ್ಥಾನದ ವಿದೂಷಕ ಬೊಪ್ಪಣ್ಣ ನೇರವಾಗಿ ಅರಸನ ಮುಂದೆ ಹೋಗಿ ನಿಂತ.

"ಪ್ರಭು, ನಾಳೆ ಬಾಗಿಲು ಕಾಯುವ ಕೆಲಸ ನನಗೆ ಕೊಡಿ. ನಿಮ್ಮ ಕಾನೂನನ್ನು ಕೂದಲೆಳೆಯಷ್ಟೂ ಮೀರುವುದಿಲ್ಲ" ಎಂದ. ಅರಸ ಹಿಗ್ಗಿ ಒಪ್ಪಿದ.

ಮರುದಿನ ನೆಲೆಹಬ್ಬ. ಅರಸನ ವಂಶದ ಮೂಲಪುರುಷ ದೇವಿಯನ್ನು ಬುಟ್ಟಿಯಲ್ಲಿ ಹೊತ್ತು ಈ ಊರಿಗೆ ಓಡಿಬಂದವನು. ಅದರ ನೆನಪಿಗೆ ಅರಸ ಅದೇ ಬುಟ್ಟಿ ಹೊತ್ತು, ಬರಿಗಾಲಲ್ಲಿ ಬಾಗಿಲಿಗೆ ಬಂದು ನೆಲೆ ಬೇಡಬೇಕು. ಬಾಗಿಲು ಕಾಯುವವನು "ಬನ್ನಿ" ಎನ್ನುವ ತನಕ ಒಳಗೆ ಕಾಲಿಡುವಂತಿಲ್ಲ, ಬುಟ್ಟಿ ಇಳಿಸುವಂತೆಯೂ ಇಲ್ಲ.

"ಹೊರಗಿನವನು ಬಂದಿದ್ದೇನೆ. ನೆಲೆ ಕೊಡಿ" ಎಂದ ಕೆಂಚರಸ, ವಾಡಿಕೆಯಂತೆ.

"ಒಂದು ಮಳೆಗಾಲ ಒಳಗೆ ಬಾಳಿದ್ದೀಯೇನಪ್ಪಾ?" ಎಂದು ಬೊಪ್ಪಣ್ಣ ಕೋಲು ಅಡ್ಡ ಹಿಡಿದ.

"ಲೇ ಬೊಪ್ಪಣ್ಣ, ನಾನು ಇಲ್ಲೇ ಹುಟ್ಟಿದವನು ಕಣೋ!"

"ಈಗತಾನೆ ಹೊರಗಿನವನು ಅಂದೆ. ದೇವಿಯನ್ನು ತಲೆ ಮೇಲಿಟ್ಟುಕೊಂಡು ಸುಳ್ಳಾಡುತ್ತೀಯಾ?"

ಜನ ಮುಸಿಮುಸಿ ನಕ್ಕರು. ಭಾರಕ್ಕೆ ಅರಸನ ಕತ್ತು ನಡುಗುತ್ತಿತ್ತು, ಕಾದ ಕಲ್ಲಿನ ಮೇಲೆ ಕಾಲು ಕುಣಿಯುತ್ತಿತ್ತು.

"ಕಾನೂನಿಗೆ ಬೆಂಕಿ ಹಾಕ! ಬನ್ನಿ ಅನ್ನೋ!"

"ನಿಮ್ಮಪ್ಪ ಬಂದರೂ ತೆರೆಯಬೇಡ ಅಂದವರು ನೀವೇ ಪ್ರಭು. ಇವತ್ತು ಬಂದಿರುವುದು ಅಪ್ಪನ ಅಜ್ಜನ ಮುತ್ತಜ್ಜ."

"ಹಾಗಾದರೆ ಅವತ್ತು ಆ ಮುತ್ತಜ್ಜ ಒಳಗೆ ಬಂದದ್ದಾದರೂ ಹೇಗೋ?"

"ಪುಣ್ಯವಂತ. ಅವತ್ತು ಇಲ್ಲಿ ನೀವು ಅರಸರಾಗಿರಲಿಲ್ಲ."

ಕೆಂಚರಸ ಕಣ್ಣು ಕೆಕ್ಕರಿಸಿದ. ಆಮೇಲೆ ಹೊಟ್ಟೆ ಹಿಡಿಯಲೂ ಆಗದೆ ನಕ್ಕ. ಬುಟ್ಟಿ ಕುಲುಕಿದ್ದು ಕಂಡು ಪೂಜಾರಿ ಹೌಹಾರಿದ.

"ಸೋತೆ ಕಣೋ! ಇವತ್ತಿನಿಂದ ಅಜ್ಜನ ಕಾನೂನೇ ಇರಲಿ. ಮೊದಲು ಅಂಬಲಿ, ಆಮೇಲೆ ಹೆಸರು. ತೆಗೆ ಬಾಗಿಲು!"

ಬಾಗಿಲು ತೆರೆಯಿತು. ಅರಸ ಹೆಜ್ಜೆ ಎತ್ತಿದ. ಕೋಲು ಮತ್ತೆ ಅಡ್ಡ ಬಂತು.

"ಇನ್ನೇನೋ?"

"ಸಂಕವ್ವನ ಹಿಂದೆ ಬನ್ನಿ ಪ್ರಭು. ಆಯಮ್ಮ ನಿಮಗಿಂತ ಮೊದಲು ಬಂದು ಕೂತವಳು."